ಆ ‘ಏ’ ಎಲ್ಲಿಗೆ ಹಚ್ಚಬೇಕು?

‘ಸಾಬ್ರೇ, ತಪ್ಪು ತಿಳ್ಕೋಬೇಡಿ, ನಿಮ್ಮ ಅಲ್ಲಾ ನೋಡೋಕೆ ಹೇಗಿರ್ತಾನೆ?’

ಪ್ರಶ್ನೆ ಇದು. ‘ತಪ್ಪು ತಿಳ್ಕೋಬೇಡಿ’ ಅನ್ನುವ ನಿರೀಕ್ಷಣಾ ಜಾಮೀನು ಮೊದಲೇ ಪಡೆದುಕೊಂಡು ಬರುತ್ತದೆ. ಇದರ ಹಿಂದೆಯೇ ಇದರ ಬಂಧುಬಳಗವೂ ಬರುತ್ತದೆ. ‘ಒಬ್ಬನೇ ಅಂತೀರಿ, ಕುರ್‌ಆನ್‌ನಲ್ಲಿ ನಾವು ನಾವು ಅಂತ ಯಾಕಿದೆ?’ ‘99 ಹೆಸರು ಯಾಕೆ?’ ‘ಮೆಕ್ಕಾದಲ್ಲಿ ಕಲ್ಲಿಗೆ ಮುತ್ತಿಡೋದು ಮತ್ತೇನು?’ ‘ದೇವರೊಬ್ಬ ನಾಮ ಹಲವು ಅಂತ ನಾವೂ ಹೇಳ್ತೀವಲ್ಲ, ಜಗಳ ಯಾತಕ್ಕೆ?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಟ್ಟರೆ ಇನ್ನು ಮುಂದೆ ಕೊಂಡಿ ಕಳಿಸಿ ಕೈತೊಳೆದುಕೊಳ್ಳಬಹುದು.

ಮೊದಲು ಆ ‘ನಿಮ್ಮ’ ತೆಗೆಯಿರಿ. ಅಲ್ಲಾಹ್ ಎನ್ನುವುದು ಮುಸ್ಲಿಮರ ಮನೆದೇವರ ಹೆಸರಲ್ಲ. ಅರಬಿಯಲ್ಲಿ ‘ಇಲಾಹ್’ ಎಂದರೆ ಪೂಜೆಗೊಳ್ಳುವುದು ಯಾವುದೋ ಅದು. ಅದಕ್ಕೆ ‘ಆಲಿಹಾ’ ಎಂಬ ಬಹುವಚನವಿದೆ. ‘ಅಲ್’ ಸೇರಿ ಅಲ್ಲಾಹ್ ಆಯಿತು ಎನ್ನುತ್ತಾರೆ ಹಲವು ವೈಯಾಕರಣಿಗಳು. ಈ ಪದಕ್ಕೆ ಬಹುವಚನವೂ ಇಲ್ಲ, ಸ್ತ್ರೀಲಿಂಗವೂ ಇಲ್ಲ. ಪ್ರವಾದಿ ಮುಹಮ್ಮದರ ತಂದೆಯ ಹೆಸರು ಅಬ್ದುಲ್ಲಾಹ್, ಅಂದರೆ ಅಲ್ಲಾಹನ ದಾಸ. ಕುರ್‌ಆನ್ ಅವತರಿಸುವ ಎಷ್ಟೋ ವರ್ಷ ಮೊದಲೇ ಇಟ್ಟ ಹೆಸರು ಅದು. ಅರಬಿ ಬೈಬಲಿನ ಮೊದಲ ವಾಕ್ಯದಲ್ಲಿ ಆಕಾಶ ಭೂಮಿಗಳನ್ನು ಸೃಷ್ಟಿಸುವವನೂ ‘ಅಲ್ಲಾಹ್’. ಮಾಲ್ಟಾ ದ್ವೀಪದ ಕ್ಯಾಥೊಲಿಕರು ಇಂದಿಗೂ ಚರ್ಚಿನಲ್ಲಿ ‘ಅಲ್ಲಾ’ ಎಂದೇ ಪ್ರಾರ್ಥಿಸುತ್ತಾರೆ. ಇತ್ತ ಮಲಬಾರಿನ ಮಾಪಿಳ್ಳರು ‘ಪಡಚ್ಚೋನ್’ ಎನ್ನುತ್ತಾರೆ, ಸೃಷ್ಟಿಸಿದವನು ಎಂದು. ಉರ್ದು ಮಾತಾಡುವವರಿಗೆ ಪಾರಸಿಯ ‘ಖುದಾ’ ಇದೆ. ಯಾವ ಮುಲ್ಲಾನೂ ಇವರ ಬಾಯಿಗೆ ಬೀಗ ಹಾಕಿಲ್ಲ.

ಈಗ ‘ಹೇಗಿರ್ತಾನೆ’ಗೆ ಬರೋಣ. ಈ ಪ್ರಶ್ನೆ ಕೇಳಿದವರಲ್ಲಿ ನೀವು ಮೊದಲಿಗರಲ್ಲ. ಸುಮಾರು 1,250 ವರ್ಷಗಳ ಹಿಂದೆ ಮದೀನಾದಲ್ಲಿ ಇಮಾಮ್ ಮಾಲಿಕ್ ಇಬ್ನ್ ಅನಸ್ ಪಾಠ ಹೇಳುತ್ತಿದ್ದಾಗ ಒಬ್ಬ ಬಂದು ಇದನ್ನೇ ಕೇಳಿದ. ಅವನೇನೂ ಅನ್ಯಧರ್ಮೀಯನಲ್ಲ, ಕುರ್‌ಆನ್ ಓದಿಕೊಂಡವನೇ. 20ನೇ ಸೂರಾದ, ಅಂದರೆ ಅಧ್ಯಾಯದ, 5ನೇ ವಾಕ್ಯ ಹಿಡಿದು ಬಂದಿದ್ದ: ‘ಪರಮ ದಯಾಮಯನು ಸಿಂಹಾಸನದ ಮೇಲೆ ಇಸ್ತವಾ ಮಾಡಿದನು.’ ಇಸ್ತವಾ ಅಂದರೆ ನೆಲೆಗೊಂಡನು, ಮೇಲೇರಿದನು. ‘ಅಬೂ ಅಬ್ದಿಲ್ಲಾ, ಹೇಗೆ ನೆಲೆಗೊಂಡನು?’ ಎಂದ. ಅಬೂ ಅಬ್ದಿಲ್ಲಾ ಎಂಬುದು ಮಾಲಿಕರನ್ನು ಕರೆಯುವ ಇನ್ನೊಂದು ಹೆಸರು. ಮಾಲಿಕ್ ತಲೆ ತಗ್ಗಿಸಿ ಕೂತರು. ಮೈಯೆಲ್ಲ ಬೆವೆತುಹೋಯಿತು ಎಂದು ಅಲ್ಲಿದ್ದವರು ವರದಿ ಮಾಡಿದ್ದಾರೆ. ಆಮೇಲೆ ತಲೆಯೆತ್ತಿ ನಾಲ್ಕು ಮಾತು ಆಡಿದರು: ನೆಲೆಗೊಂಡ ಎಂಬುದು ಗೊತ್ತಿರುವ ಮಾತು, ಹೇಗೆ ಎಂಬುದು ಬುದ್ಧಿಗೆ ನಿಲುಕದ್ದು, ಅದನ್ನು ನಂಬುವುದು ಕಡ್ಡಾಯ, ಅದರ ಬಗ್ಗೆ ಪ್ರಶ್ನೆ ಎತ್ತುವುದು ಬಿದ್‌ಅತ್. ಬಿದ್‌ಅತ್ ಅಂದರೆ ಧರ್ಮದಲ್ಲಿಲ್ಲದ ಹೊಸ ಕಾರುಬಾರು. ಇಷ್ಟು ಹೇಳಿ, ಕೇಳಿದವನನ್ನು ಆಚೆ ಕಳಿಸಿ ಎಂದರು.

ನನಗೆ ಆ ಕೊನೆಯ ಸೌಲಭ್ಯ ಇಲ್ಲ. ಚಹಾ ಕುಡಿಸಿ ಕಳಿಸಬೇಕು.

ಆದರೆ ಮಾಲಿಕರಿಗೆ ಬರೀ ಸಿಟ್ಟು ಬಂದಿತ್ತು ಅಂದುಕೊಂಡರೆ ಅವರ ಮಾತಿನ ಲೆಕ್ಕ ತಪ್ಪುತ್ತದೆ. ಎರಡು ಕಡೆ ಹೊಂಡ ಇದೆ. ಒಂದು ‘ತಶ್‌ಬೀಹ್’: ದೇವರನ್ನು ಸೃಷ್ಟಿಗೆ ಹೋಲಿಸುವುದು, ಕೂತ ಅಂದರೆ ನಾನು ಮಣೆ ಮೇಲೆ ಕೂತ ಹಾಗೆ ಎನ್ನುವುದು. ಇನ್ನೊಂದು ‘ತಅತೀಲ್’: ಹೋಲಿಕೆಯ ಭಯಕ್ಕೆ ಅವನ ಗುಣಗಳನ್ನೆಲ್ಲ ಒಂದೊಂದಾಗಿ ಕಳಚಿ, ಕೊನೆಗೆ ಪ್ರಾರ್ಥನೆ ಕೇಳಿಸಿಕೊಳ್ಳುವವರೇ ಯಾರೂ ಉಳಿಯದ ಹಾಗೆ ಮಾಡುವುದು. ಕುರ್‌ಆನಿನ 42ನೇ ಸೂರಾದ 11ನೇ ವಾಕ್ಯ ಎರಡನ್ನೂ ಒಂದೇ ಉಸಿರಿನಲ್ಲಿ ಮುಚ್ಚುತ್ತದೆ: ‘ಅವನಂಥದ್ದು ಯಾವುದೂ ಇಲ್ಲ, ಅವನು ಕೇಳುವವನು, ನೋಡುವವನು.’ ಮೂಲದಲ್ಲಿ ‘ಕಮಿಸ್ಲಿಹೀ’ ಎಂದಿದೆ. ‘ಕ’ ಎಂದರೂ ‘ಹಾಗೆ’, ‘ಮಿಸ್ಲ್’ ಎಂದರೂ ‘ಹಾಗೆ’. ಅವನ ಹೋಲಿಕೆಯ ಹೋಲಿಕೆಯೂ ಇಲ್ಲ ಎಂದು ಬೀಗದ ಮೇಲೆ ಬೀಗ. ಮೊದಲರ್ಧ ಕೇಳಿ ‘ಹಾಗಾದರೆ ಅವನು ಶೂನ್ಯ’ ಎಂದುಕೊಳ್ಳುವಷ್ಟರಲ್ಲಿ ಎರಡನೆಯರ್ಧ ಬರುತ್ತದೆ, ಕೇಳುತ್ತಾನೆ, ನೋಡುತ್ತಾನೆ.

ಕುರ್‌ಆನಿನಲ್ಲಿ ದೇವರ ‘ಕೈ’ ಎಂದಿದೆಯಲ್ಲ ಎಂದು ಪಟ್ಟು ಹಿಡಿಯುವವರೂ ಇದ್ದಾರೆ. ಇದೆ. 38:75ರಲ್ಲಿ ‘ನನ್ನ ಎರಡು ಕೈಗಳಿಂದ’ ಎಂದೇ ಇದೆ. ಇದನ್ನು ಮುಸ್ಲಿಮರು ಮೂರು ರೀತಿ ಓದುತ್ತಾರೆ. ಕೈ ಅಂದರೆ ಕೈಯೇ, ಆದರೆ ಅವನ ಘನತೆಗೆ ತಕ್ಕದ್ದು, ಹೇಗೆ ಎಂದು ಕೇಳಬೇಡ ಎನ್ನುವವರು ಒಂದು ಕಡೆ. ಹಂಬಲಿ ಎಂಬ ಧರ್ಮಶಾಸ್ತ್ರ ಪರಂಪರೆಯ ಬಹುಪಾಲು, ಮೊದಲ ತಲೆಮಾರಿನವರ ದಾರಿಯನ್ನೇ ಹಿಡಿಯುತ್ತೇವೆನ್ನುವ ಇಂದಿನ ಸಲಫಿಗಳು ಇಲ್ಲಿದ್ದಾರೆ. ಪದವನ್ನು ಓದಿ ಅರ್ಥವನ್ನು ಅವನಿಗೇ ಒಪ್ಪಿಸುತ್ತೇವೆ ಎನ್ನುವವರು ಇನ್ನೊಂದು ಕಡೆ, ಇದು ‘ತಫ್‌ವೀಜ್’. ಕೈ ಅಂದರೆ ಶಕ್ತಿ, ಅನುಗ್ರಹ ಎಂದು ವ್ಯಾಖ್ಯಾನಿಸುವುದು ‘ತಅವೀಲ್’. ಬಸ್ರಾದ ಅಶ್‌ಅರಿ (ನಿಧನ 936), ಸಮರ್ಖಂದದ ಮಾತುರೀದಿ (ನಿಧನ 944) ಇವರಿಬ್ಬರ ಪಂಥಗಳಲ್ಲಿ ಹಿಂದಿನವರು ಹೆಚ್ಚಾಗಿ ಎರಡನೆಯದನ್ನು, ನಂತರದವರು ಮೂರನೆಯದನ್ನೂ ಹಿಡಿದರು. ಮೂರೂ ಗುಂಪು ಒಂದರ ಮೇಲೊಂದು ಪುಸ್ತಕ ಎಸೆದುಕೊಂಡಿವೆ. ಮೂರೂ ಗುಂಪು ಒಪ್ಪುವ ಒಂದು ಮಾತಿದೆ: ಐದು ಬೆರಳಿನ ಕೈಯಂತೂ ಅಲ್ಲ.

ಹಾಗಾಗಿ ‘ನೋಡೋಕೆ ಹೇಗಿರ್ತಾನೆ’ ಎಂಬುದಕ್ಕೆ ಉತ್ತರ ಬೇಕೇ ಬೇಕೆಂದರೆ ಒಂದು ನಾಣ್ಯ ತೋರಿಸಬಹುದು. ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್‌ನ ಕಾಲದವರೆಗೆ ಮುಸ್ಲಿಮರ ಚಿನ್ನದ ನಾಣ್ಯ ಬೈಜಾಂಟಿಯಮ್ಮಿನ ನಕಲು. ಅದರ ಮೇಲೆ ಮನುಷ್ಯರ ಆಕೃತಿ ಇರುತ್ತಿತ್ತು. ಹಿಜರಿ 77ರಲ್ಲಿ, ಅಂದರೆ 696-97ರಲ್ಲಿ, ಅವನು ಸುಮಾರು 4.25 ಗ್ರಾಂ ತೂಕದ ಹೊಸ ದೀನಾರ್ ಟಂಕಿಸಿದ. ಆಕೃತಿಗಳೆಲ್ಲ ಹೋದವು. ಚಿತ್ರ ಇರಬೇಕಾದ ಜಾಗದಲ್ಲಿ ವಾಕ್ಯ ಬಂತು: ಅಲ್ಲಾಹು ಅಹದ್, ಅಲ್ಲಾಹು ಸ್ಸಮದ್, ಹೆತ್ತಿಲ್ಲ, ಹುಟ್ಟಿಲ್ಲ. ಹೇಗಿದ್ದಾನೆ ಎಂದು ಕೇಳಿದವರ ಜೇಬಿಗೇ ಉತ್ತರ ಹಾಕಿದ ಹಾಗೆ.

ಆ ವಾಕ್ಯ 112ನೇ ಸೂರಾದ್ದು. ನಾಲ್ಕೇ ವಾಕ್ಯ, ಕುರ್‌ಆನಿನ ಮೂರನೇ ಒಂದು ಭಾಗಕ್ಕೆ ಸಮ ಎಂದು ಹದೀಸ್, ಅಂದರೆ ಪ್ರವಾದಿಯ ಮಾತಿನ ವರದಿ, ಇದೆ. ‘ಹೇಳು: ಅವನು ಅಲ್ಲಾಹ್, ಅಹದ್’ ಎಂದು ಶುರು. ಕನ್ನಡದಲ್ಲಿ ಅಹದ್ ಎಂದರೆ ‘ಏಕನು’, ‘ಒಬ್ಬನೇ’ ಎಂದು ಬರೆದು ಮುಗಿಸುತ್ತೇವೆ. ತೊಂದರೆ ಹುಟ್ಟುವುದು ಅಲ್ಲೇ. ಅರಬಿಯಲ್ಲಿ ಎಣಿಕೆಯ ಒಂದು ಬೇರೆ ಇದೆ, ‘ವಾಹಿದ್’. ಒಂದು, ಎರಡು, ಮೂರು ಎಂದು ಮುಂದುವರಿಯುವ ಒಂದು ಅದು. ‘ಅಹದ್’ ಸಾಮಾನ್ಯವಾಗಿ ನಿಷೇಧದ ವಾಕ್ಯದಲ್ಲಿ ಬರುವ ಪದ. ‘ವಾಹಿದ್ ಬರಲಿಲ್ಲ’ ಎಂದರೆ ಒಬ್ಬ ಬರಲಿಲ್ಲ, ಇಬ್ಬರು ಬಂದಿರಬಹುದು. ‘ಅಹದ್ ಬರಲಿಲ್ಲ’ ಎಂದರೆ ನರಪಿಳ್ಳೆಯೂ ಬರಲಿಲ್ಲ. ಇಂಥ ಪದವನ್ನು ನಿಷೇಧವಿಲ್ಲದ ವಾಕ್ಯದಲ್ಲಿ, ಯಾವ ವಿಶೇಷಣವೂ ಇಲ್ಲದೆ, ಒಬ್ಬನಿಗೆ ಮಾತ್ರ ಬಳಸಿದ್ದಾರೆ. ಸೂರಾದ ಕೊನೆಯ ಪದವೂ ಅಹದ್, ಅಲ್ಲಿ ಅದು ವಾಡಿಕೆಯ ಅರ್ಥದಲ್ಲಿದೆ: ‘ಅವನಿಗೆ ಸಾಟಿ ಯಾರೂ ಇಲ್ಲ.’ ಮೊದಲ ಅಹದ್ ಅವನು, ಕೊನೆಯ ಅಹದ್ ಯಾರೂ ಅಲ್ಲ. ಗುಲಾಮ ಬಿಲಾಲನನ್ನು ಅವನ ಒಡೆಯ ಮೆಕ್ಕಾದ ಸುಡುಬಿಸಿಲಿನಲ್ಲಿ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿದಾಗ ಬಾಯಿಂದ ಬಂದದ್ದು ಈ ಪದವೇ, ‘ಅಹದ್, ಅಹದ್’. ಆ ಹೊತ್ತಿನಲ್ಲಿ ಯಾರೂ ಲೆಕ್ಕ ಎಣಿಸುವುದಿಲ್ಲ.

ಎರಡನೆಯ ಪದ ‘ಸಮದ್’ ಇನ್ನೂ ಗಟ್ಟಿ. ಎಲ್ಲರೂ ತಮ್ಮ ಅಗತ್ಯಕ್ಕೆ ಯಾರ ಕಡೆ ನಡೆಯುತ್ತಾರೋ ಅವನು ಎಂಬುದು ಒಂದು ಅರ್ಥ. ಒಳಗೆ ಟೊಳ್ಳಿಲ್ಲದ ಘನ ಎಂಬುದು ಹಳೆಯ ಇನ್ನೊಂದು ಅರ್ಥ. ಹೊಟ್ಟೆ ಇಲ್ಲದವನು, ಹಾಗಾಗಿ ಉಣ್ಣದವನು, ಯಾವುದೂ ಒಳಹೋಗದ, ಯಾವುದೂ ಹೊರಬರದವನು. ಹೆತ್ತಿಲ್ಲ, ಹುಟ್ಟಿಲ್ಲ ಎಂಬ ಮೂರನೇ ವಾಕ್ಯ ಇದರಿಂದಲೇ ಇಳಿದು ಬರುತ್ತದೆ. ಆ ಮೂರನೇ ವಾಕ್ಯ ಕ್ರೈಸ್ತರಿಗೆ ಕೊಟ್ಟ ಏಟು ಎಂದು ಎಲ್ಲರೂ ಹೇಳುತ್ತಾರೆ. ಆದರೆ ದೇವದೂತರನ್ನು ಅಲ್ಲಾಹನ ಹೆಣ್ಣುಮಕ್ಕಳು ಎನ್ನುತ್ತಿದ್ದವರು ಮೆಕ್ಕಾದ ಕುರೈಶ್ ಬುಡಕಟ್ಟಿನವರೇ. ಏಟು ಮೊದಲು ಬಿದ್ದದ್ದು ಪಕ್ಕದ ಮನೆಗೆ.

ಅಬೂ ಹನೀಫರ (ನಿಧನ 767) ಹೆಸರಿನಲ್ಲಿ ನಡೆದುಬಂದಿರುವ ‘ಅಲ್ ಫಿಖ್ಹುಲ್ ಅಕ್ಬರ್’ ಎಂಬ ಪುಟ್ಟ ಕೃತಿ ಇದನ್ನು ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದೆ: ಅಲ್ಲಾಹನು ಒಬ್ಬ, ಆದರೆ ಸಂಖ್ಯೆಯ ದಾರಿಯಿಂದಲ್ಲ, ಅವನಿಗೆ ಪಾಲುದಾರನಿಲ್ಲ ಎಂಬ ದಾರಿಯಿಂದ. ತ್ಲೆಮ್ಸೆನ್‌ನ ಸನೂಸಿ (ನಿಧನ 1490) ಇದನ್ನು ಬಿಡಿಸಿ ಬಿಡಿಸಿ ಇಟ್ಟರು. ದೇವರಿಗೆ ಇರಲೇಬೇಕಾದ 20 ಗುಣಗಳನ್ನು ಅವರು ಪಟ್ಟಿ ಮಾಡಿದ್ದಾರೆ: ಇರವು ಒಂದು, ಇಲ್ಲಗಳೆಯುವ ಗುಣ ಐದು, ಜ್ಞಾನ, ಶಕ್ತಿ, ಇಚ್ಛೆ, ಜೀವ, ಶ್ರವಣ, ದೃಷ್ಟಿ, ಮಾತು ಎಂಬ ಏಳು, ಆ ಏಳರಿಂದ ಬರುವ ‘ಜ್ಞಾನಿಯಾಗಿರುವುದು, ಶಕ್ತನಾಗಿರುವುದು’ ಎಂಬಂಥ ಇನ್ನೇಳು. ಏಕತ್ವ ಬರುವುದು ಎಲ್ಲಿ? ಇಲ್ಲಗಳೆಯುವ ಐದರಲ್ಲಿ. ಅಂದರೆ ಏಕತ್ವ ಎನ್ನುವುದು ದೇವರಿಗೆ ಏನನ್ನೋ ಸೇರಿಸುವ ಗುಣವಲ್ಲ, ಐದು ಸಂಗತಿಗಳನ್ನು ತಳ್ಳಿಹಾಕುವ ಗುಣ. ಅವನ ಸತ್ವ ಬಿಡಿಭಾಗ ಜೋಡಿಸಿದ್ದಲ್ಲ. ಅಂಥ ಇನ್ನೊಂದು ಸತ್ವ ಇಲ್ಲ. ಅವನಲ್ಲಿ ಎರಡು ಶಕ್ತಿ, ಎರಡು ಜ್ಞಾನ ಎಂದು ಗುಣಗಳು ಇಮ್ಮಡಿಯಾಗುವುದಿಲ್ಲ. ಅವನ ಗುಣದಂಥ ಗುಣ ಬೇರೆಯವರಲ್ಲಿಲ್ಲ. ಅವನ ಹಾಗೆ ಉಂಟುಮಾಡುವ ಕ್ರಿಯೆ ಬೇರೆ ಯಾರದೂ ಅಲ್ಲ. ‘ಒಂದು’ ಎಂಬ ಅಂಕಿ ಈ ಐದರಲ್ಲಿ ಎರಡನೆಯದನ್ನಷ್ಟೇ ಮುಟ್ಟುತ್ತದೆ. ‘ತಾನೇ ಎತ್ತಲಾಗದ ಕಲ್ಲನ್ನು ದೇವರು ಸೃಷ್ಟಿಸಬಲ್ಲನೇ’ ಎಂದು ಕಾಲೇಜಿನ ಹುಡುಗರು ಕೇಳುತ್ತಾರೆ. ಅದಕ್ಕೂ ಈ ಪರಂಪರೆಯ ಉತ್ತರ ಚಿಕ್ಕದು: ಶಕ್ತಿ ತಗಲುವುದು ಸಾಧ್ಯವಾದುದಕ್ಕೆ, ಅಸಾಧ್ಯಕ್ಕಲ್ಲ. ನಾಲ್ಕು ಮೂಲೆಯ ವೃತ್ತ ಎಂಬುದು ವಸ್ತುವಿನ ಹೆಸರಲ್ಲ, ಬರೀ ಸದ್ದು.

‘ನಾವು’ ಪ್ರಶ್ನೆಯನ್ನು ಕನ್ನಡಿಗರು ಕೇಳುವುದೇ ತಮಾಷೆ. ‘ದೇವರು’ ಎಂಬ ನಮ್ಮ ಪದವನ್ನೇ ನೋಡಿ. ಕೊನೆಯಲ್ಲಿ ‘ರು’ ಹಚ್ಚಿದ್ದೇವೆ, ಬಹುವಚನ. ಕ್ರಿಯಾಪದ ಬಂದಾಗ ‘ದೇವರಿದ್ದಾನೆ’ ಎನ್ನುತ್ತೇವೆ, ಏಕವಚನ. ಇದನ್ನು ಕೇಳಿ ಯಾವನೂ ಕನ್ನಡಿಗರಿಗೆ ಲೆಕ್ಕ ಬರುವುದಿಲ್ಲ ಎಂದಿಲ್ಲ. ಅರಬಿಯ ‘ನಹ್ನು’ವೂ ಘನತೆಯ ನಾವು, ರಾಜಶಾಸನದ ನಾವು. ಆದರೆ ಗಮನಿಸಬೇಕಾದದ್ದು ಬೇರೆಯೇ ಇದೆ. ಸೃಷ್ಟಿಸಿದೆವು, ಮಳೆ ಇಳಿಸಿದೆವು, ಗ್ರಂಥ ಕೊಟ್ಟೆವು ಎಂಬಲ್ಲಿ ‘ನಾವು’ ಬರುತ್ತದೆ. ಆರಾಧನೆಯ ಮಾತು ಬಂದ ಕೂಡಲೇ ಅದು ಮಾಯ. 20:14ರಲ್ಲಿ ಪ್ರವಾದಿ ಮೂಸಾರಿಗೆ (ಬೈಬಲಿನ ಮೋಶೆ) ಹೇಳುವುದು: ‘ನಾನೇ ಅಲ್ಲಾಹ್, ನಾನಲ್ಲದೆ ಆರಾಧ್ಯರಿಲ್ಲ, ನನ್ನನ್ನು ಆರಾಧಿಸು.’ ಮನುಷ್ಯ ಅವನನ್ನು ಕರೆಯುವಾಗಲೂ ‘ನೀನು’ ಎಂದೇ. ಕುರ್‌ಆನಿನಲ್ಲಿ ಒಂದೇ ಕಡೆ, 23:99ರಲ್ಲಿ, ಸಾಯುತ್ತಿರುವವನೊಬ್ಬ ‘ನನ್ನನ್ನು ಮರಳಿ ಕಳಿಸಿರಿ’ ಎಂದು ಗಾಬರಿಯಲ್ಲಿ ಬಹುವಚನ ಆಡುತ್ತಾನೆ. ಸಾವಿನ ಹೊತ್ತಿನ ದಾಕ್ಷಿಣ್ಯ.

‘ಅವನು’ ಎನ್ನುತ್ತೀರಲ್ಲ, ಗಂಡಸೇ ಎಂಬುದಕ್ಕೂ ಇಲ್ಲೇ ಉತ್ತರ: ಅರಬಿಯಲ್ಲಿ ನಪುಂಸಕಲಿಂಗವೇ ಇಲ್ಲ. ಸೂರ್ಯ ಹೆಣ್ಣು, ಚಂದ್ರ ಗಂಡು, ಅದು ವ್ಯಾಕರಣ. ಕನ್ನಡದಲ್ಲಿ ‘ಅದು’ ಇದೆ ನಿಜ, ಆದರೆ ‘ಅದು ಕೇಳುತ್ತದೆ’ ಎಂದರೆ ಮತ್ತೆ ಆ ಎರಡನೇ ಹೊಂಡ.

99 ಹೆಸರುಗಳದ್ದು ಬೇಗ ಮುಗಿಸುತ್ತೇನೆ. 99 ಹೆಸರುಗಳಿವೆ, ನೂರಕ್ಕೆ ಒಂದು ಕಡಿಮೆ ಎಂಬ ಮಾತು ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ. ಗೋಡೆಗೆ ತೂಗುಹಾಕುವ ಪಟ್ಟಿ ಅದರಲ್ಲಿಲ್ಲ; ಅದು ತಿರ್ಮಿಜಿಯ ಸಂಗ್ರಹದಿಂದ ಬಂದದ್ದು, ತಿರ್ಮಿಜಿಯೇ ಅದನ್ನು ‘ಗರೀಬ್’, ಒಂಟಿ ವರದಿ ಎಂದಿದ್ದಾರೆ. ಅವೆಲ್ಲ ಒಬ್ಬನ ಗುಣಗಳ ಹೆಸರು. ಇದರಲ್ಲಿ ನಿಮ್ಮ ಕಚೇರಿಗೆ ಉಪಯೋಗವಾಗುವ ಒಂದು ಮಾತಿದೆ. ‘ರಹ್ಮಾನ್’ ಎಂಬುದು ಮನುಷ್ಯರಿಗೆ ಇಡದ ಹೆಸರು, ಹಾಗಾಗಿಯೇ ‘ಅಬ್ದುಲ್ ರಹ್ಮಾನ್’, ರಹ್ಮಾನನ ದಾಸ. ನೀವು ಅರ್ಧ ಕತ್ತರಿಸಿ ‘ರೆಹಮಾನ್ ಸರ್’ ಎಂದಾಗ ದಾಸನನ್ನು ಬಿಟ್ಟು ದೇವರನ್ನೇ ಕಡತ ತರಲು ಕಳಿಸಿದಂತಾಗುತ್ತದೆ. ಇನ್ನರ್ಧ ಹಿಡಿದು ‘ಅಬ್ದುಲ್’ ಎಂದರೆ ‘ಇಂಥವನ ದಾಸ’ ಎಂಬಲ್ಲಿ ಇಂಥವನೇ ಇಲ್ಲ. ಪೂರ್ತಿ ಕರೆಯಿರಿ, ಎರಡು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಇನ್ನು, ಆಜಾನ್‌ನಲ್ಲಿ ಅಕ್ಬರ್ ಬಾದಷಾನನ್ನು ಯಾಕೆ ಕೂಗುತ್ತಾರೆ ಎನ್ನುವವರಿಗೆ: ಅವನು ಹುಟ್ಟಿದ್ದು 1542ರಲ್ಲಿ, ಆಜಾನ್ ಶುರುವಾಗಿ ಒಂಬೈನೂರು ವರ್ಷ ದಾಟಿದ ಮೇಲೆ. ಅಕ್ಬರ್ ಎಂದರೆ ‘ಹೆಚ್ಚು ದೊಡ್ಡವನು’. ಯಾವುದಕ್ಕಿಂತ ಎಂಬುದನ್ನು ಬೇಕೆಂದೇ ಹೇಳಿಲ್ಲ. ಕೂಗುವವರೂ ಎಚ್ಚರ ತಪ್ಪಬಾರದು. ‘ಅಕ್ಬಾರ್’ ಎಂದು ಎಳೆದರೆ ಅರಬಿಯಲ್ಲಿ ಅದು ತಮಟೆಗಳು ಎಂದಾಗುತ್ತದೆ. ಮೊದಲ ‘ಅ’ವನ್ನು ಎಳೆದರೆ ‘ಅಲ್ಲಾಹ್ ದೊಡ್ಡವನೇ?’ ಎಂಬ ಪ್ರಶ್ನೆ.

ಇಷ್ಟಾದರೂ ನಾನು ಉತ್ತರಿಸುತ್ತಿರುವುದು ನನಗೆ ಬೇಡದ ಪ್ರಶ್ನೆಗಳಿಗೇ. ಹೇಗಿದ್ದಾನೆ, ಎಷ್ಟಿದ್ದಾನೆ, ಎಲ್ಲಿದ್ದಾನೆ. ಕುರ್‌ಆನ್ ಜಗಳ ತೆಗೆದದ್ದು ಇವುಗಳಿಗೆ ಅಲ್ಲ. ‘ನಾವೂ ದೇವರೊಬ್ಬ ಅಂತೀವಲ್ಲ’ ಎನ್ನುವವರು ಒಂದು ಕ್ಷಣ ನಿಂತು ಕೇಳಬೇಕು: ಮೆಕ್ಕಾದ ಕುರೈಶರೂ ಅದನ್ನೇ ಹೇಳುತ್ತಿದ್ದರು! ಆಕಾಶ ಭೂಮಿ ಸೃಷ್ಟಿಸಿದವರು ಯಾರು ಎಂದು ಕೇಳಿದರೆ ‘ಅಲ್ಲಾಹ್’ ಎನ್ನುತ್ತಾರೆ ಎಂದು ಕುರ್‌ಆನ್ ಅವರ ಬಗ್ಗೆಯೇ ಮತ್ತೆ ಮತ್ತೆ ಹೇಳುತ್ತದೆ (29:61, 31:25, 39:38). ತಾಯಿಫಿನ ಲಾತ್, ನಖ್ಲಾದ ಉಜ್ಜಾ, ಕುದೈದಿನ ಮನಾತ್, ಇವರನ್ನು ಯಾಕೆ ಪೂಜಿಸುತ್ತೀರಿ ಎಂದರೆ ಅವರ ಉತ್ತರ 39:3ರಲ್ಲಿದೆ: ‘ಇವರು ನಮ್ಮನ್ನು ಅಲ್ಲಾಹನ ಹತ್ತಿರ ಕೊಂಡೊಯ್ಯಲಿ ಎಂದಷ್ಟೇ.’

ಅವರ ಹಜ್ಜಿನ ಘೋಷಣೆ ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿ ದಾಖಲಾಗಿದೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಇನ್ನೊಂದಿಲ್ಲ. ಕಾಬಾ ಸುತ್ತುತ್ತಾ ಅವರು ‘ಲಬ್ಬೈಕ್ (ಇಗೋ ಬಂದೆ), ನಿನಗೆ ಪಾಲುದಾರನಿಲ್ಲ’ ಎಂದು ಕೂಗುತ್ತಿದ್ದರು. ಅಲ್ಲಿಗೆ ಬಂದಾಗ ಪ್ರವಾದಿ ‘ಸಾಕು, ಸಾಕು, ಅಷ್ಟಕ್ಕೇ ನಿಲ್ಲಿಸಿ’ ಎನ್ನುತ್ತಿದ್ದರಂತೆ. ಅವರು ನಿಲ್ಲಿಸದೆ ಮುಂದುವರಿಸುತ್ತಿದ್ದರು: ‘ಒಬ್ಬ ಪಾಲುದಾರನ ಹೊರತು, ಅವನೂ ನಿನ್ನವನೇ, ಅವನಿಗೂ ಅವನ ಆಸ್ತಿಗೂ ಒಡೆಯ ನೀನೇ.’ ಎಷ್ಟು ಜಾಣ ಷರತ್ತು ನೋಡಿ! ಒಳ್ಳೆಯ ವಕೀಲ ಬರೆದ ಕರಾರಿನ ಹಾಗಿದೆ. ಇಂದು ಹಾಜಿಗಳು ಕೂಗುವುದು ಅದೇ ಘೋಷಣೆ, ಆ ಬಾಲ ಕತ್ತರಿಸಿದ್ದು.

ಅಲ್ಲಿಗೆ ಶಾಲೆಯ ಕನ್ನಡ ವ್ಯಾಕರಣ ತೆಗೆಯಿರಿ. ಅವಧಾರಣಾರ್ಥಕ ಅವ್ಯಯ ‘ಏ’ ಎಂದು ಓದಿದ್ದೀರಿ. ‘ರಾಮ ಬಂದ’, ‘ರಾಮನೇ ಬಂದ’. ಹಲವರಲ್ಲಿ ಒಂದನ್ನು ಹಿಡಿದು ಉಳಿದದ್ದನ್ನು ಹೊರಗಿಡುವ ಅಕ್ಷರ. ನಾವೆಲ್ಲ ಅದನ್ನು ಹಚ್ಚುವುದು ‘ಒಬ್ಬ’ನಿಗೆ: ದೇವರು ಒಬ್ಬನೇ. ಕುರೈಶರೂ ಅಷ್ಟು ಹಚ್ಚಿದ್ದರು. ತೌಹೀದಿನಲ್ಲಿ, ಅಂದರೆ ಇಸ್ಲಾಮಿನ ಏಕದೇವನಿಷ್ಠೆಯಲ್ಲಿ, ಅದು ಹತ್ತಬೇಕಾದದ್ದು ಇನ್ನೊಂದು ಪದಕ್ಕೆ. ಕುರ್‌ಆನಿನ ಮೊದಲ ಸೂರಾದ 5ನೇ ವಾಕ್ಯ ‘ಇಯ್ಯಾಕ ನಅಬುದು ವ ಇಯ್ಯಾಕ ನಸ್ತಈನ್’. ಸಾದಾ ಅರಬಿಯಲ್ಲಾದರೆ ‘ನಅಬುದುಕ’ ಸಾಕಿತ್ತು, ನಿನ್ನನ್ನು ಆರಾಧಿಸುತ್ತೇವೆ ಎಂದಾಗುತ್ತಿತ್ತು. ಅದರಲ್ಲಿ ಜೊತೆಗೆ ಬೇರೆಯವರನ್ನೂ ಆರಾಧಿಸಲು ಅಡ್ಡಿಯಿಲ್ಲ. ‘ನಿನ್ನನ್ನು’ ಎಂಬುದನ್ನು ಕಿತ್ತು ವಾಕ್ಯದ ಮುಂದೆ ಇಟ್ಟಿದ್ದಾರೆ. ಅರಬಿಗೆ ಇದಕ್ಕಾಗಿ ಪದಗಳ ಸಾಲನ್ನೇ ಮಗುಚಬೇಕಾಯಿತು, ಕನ್ನಡಕ್ಕೆ ಒಂದು ಸ್ವರ ಸಾಕು: ನಿನ್ನನ್ನೇ ಆರಾಧಿಸುತ್ತೇವೆ, ನಿನ್ನಲ್ಲೇ ನೆರವು ಬೇಡುತ್ತೇವೆ. ದಿನಕ್ಕೆ ಐದು ನಮಾಜಿನ ಕಡ್ಡಾಯ ರಕಅತ್‌ಗಳು (ಆವರ್ತಗಳು, ಪ್ರತಿಯೊಂದರಲ್ಲೂ ಈ ಸೂರಾ ಓದುತ್ತಾರೆ) 2, 4, 4, 3, 4, ಒಟ್ಟು 17. ಒಂಟಿಯಾಗಿ ನಮಾಜ್ ಮಾಡುವವನು ಆ ‘ಏ’ಯನ್ನು ದಿನಕ್ಕೆ ಕನಿಷ್ಠ 17 ಸಲ ಹೇಳುತ್ತಾನೆ.

ಮುಸ್ಲಿಮರ ನಂಬಿಕೆಯ ಘೋಷಣೆಯಾದ ಕಲಿಮಾದಲ್ಲೂ ಇದೇ ಕೆಲಸ. ‘ಲಾ ಇಲಾಹ ಇಲ್ಲಲ್ಲಾಹ್’ ನಾಲ್ಕು ಪದ. ಮೊದಲೆರಡು ಕೆಡವುತ್ತವೆ, ಆರಾಧ್ಯರು ಯಾರೂ ಇಲ್ಲ. ಉಳಿದೆರಡು ಕಟ್ಟುತ್ತವೆ, ಅಲ್ಲಾಹನ ಹೊರತು. ನಡುವೆ ಉಸಿರು ಕಡಿದು ನಿಲ್ಲಿಸಿದರೆ ಹೇಳಿದವನು ನಾಸ್ತಿಕನಾಗುತ್ತಾನೆ. ಪಾರಾಯಣ ಕಲಿಸುವವರು ಇಂಥ ನಿಲುಗಡೆಯನ್ನು ‘ವಕ್ಫ್ ಕಬೀಹ್’, ಕೆಟ್ಟ ನಿಲುಗಡೆ ಎಂದು ಹೆಸರಿಟ್ಟು ತಿದ್ದುತ್ತಾರೆ. ಈ ನಾಲ್ಕು ಪದಕ್ಕೆ ‘ದೇವರು ಒಬ್ಬನೇ’ ಎಂದು ಅನುವಾದ ಮಾಡುವವರು ಕೆಡವುವ ಅರ್ಧವನ್ನು ಪೂರ್ತಿ ನುಂಗಿಬಿಡುತ್ತಾರೆ.

ಆದ್ದರಿಂದ ನೀವು ನನ್ನನ್ನು ಕೇಳಬೇಕಾದ ಪ್ರಶ್ನೆ ‘ಎಷ್ಟು ದೇವರು’ ಎಂಬುದಲ್ಲ. ‘ಕಷ್ಟ ಬಂದಾಗ ಯಾರನ್ನು ಕರೆಯುತ್ತೀರಿ? ಈ ಏ ಎಲ್ಲಿ ಸಡಿಲವಾಗುತ್ತದೆ?’ ಕೇಳಿ ನೋಡಿ, ಮುಸ್ಲಿಮನಿಗೆ ಬೆವರು ಬರುವುದು ಆಗ. 29:65 ಹೇಳುವುದು ಅದನ್ನೇ: ಹಡಗು ಹತ್ತಿದಾಗ ಅಲ್ಲಾಹನನ್ನೇ ಕರೆಯುತ್ತಾರೆ, ದಡ ಮುಟ್ಟಿದ ಕೂಡಲೇ ಪಾಲುದಾರರು ವಾಪಸ್. ಮೆಕ್ಕಾ ಪ್ರವಾದಿಗೆ ಶರಣಾದಾಗ ಅವರ ಕಡುವೈರಿ ಅಬೂ ಜಹಲನ ಮಗ ಇಕ್ರಿಮಾ ಓಡಿಹೋಗಿ ಹಡಗು ಹತ್ತಿದ. ಬಿರುಗಾಳಿ ಎದ್ದಿತು. ನಿಮ್ಮ ದೇವರುಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಒಬ್ಬನನ್ನೇ ಕರೆಯಿರಿ ಎಂದರು ಹಡಗಿನವರು. ಕಡಲಿನಲ್ಲಿ ಕೆಲಸಕ್ಕೆ ಬಾರದವರು ನೆಲದ ಮೇಲೆ ಮಾತ್ರ ಹೇಗೆ ಬಂದಾರು ಎಂದುಕೊಂಡು ಅವನು ಹಿಂತಿರುಗಿದ.

ಹಾಗಾದರೆ ಆ ಕಲ್ಲು? ಕೇಳಿಯೇ ಕೇಳುತ್ತೀರಿ ಎಂದು ಗೊತ್ತು. ಖಲೀಫ ಉಮರ್ ಕರಿಕಲ್ಲಿಗೆ ಮುತ್ತಿಡುವಾಗ ಕಲ್ಲಿಗೇ ಹೇಳಿದ ಮಾತು ಬುಖಾರಿಯಲ್ಲಿದೆ: ನೀನು ಬರೀ ಕಲ್ಲು ಎಂದು ನನಗೆ ಗೊತ್ತು, ಕೆಡುಕೂ ಮಾಡಲಾರೆ, ಒಳಿತೂ ಮಾಡಲಾರೆ, ಪ್ರವಾದಿ ಮುತ್ತಿಟ್ಟದ್ದನ್ನು ಕಂಡಿರದಿದ್ದರೆ ನಾನು ಇಡುತ್ತಿರಲಿಲ್ಲ. ಇದು ಮಾತಾಯಿತು. ಪ್ರಯೋಗವೂ ಆಗಿಹೋಗಿದೆ. 930ರಲ್ಲಿ ಪೂರ್ವ ಅರೇಬಿಯದ ಕರ್ಮಾತಿಯರೆಂಬ ಬಂಡುಕೋರ ಪಂಥದವರು ಹಜ್ಜಿನ ಹೊತ್ತಿಗೆ ಮೆಕ್ಕಾಕ್ಕೆ ನುಗ್ಗಿ, ಹಾಜಿಗಳನ್ನು ಕೊಂದು, ಆ ಕಲ್ಲನ್ನೇ ಕಿತ್ತೊಯ್ದರು. ಮರಳಿ ಬಂದದ್ದು 951ರಲ್ಲಿ. ಆ ಎರಡು ದಶಕ ಲೋಕದ ಮುಸ್ಲಿಮರ ಒಂದು ಹೊತ್ತಿನ ನಮಾಜೂ ತಪ್ಪಲಿಲ್ಲ, ದಿಕ್ಕೂ ಬದಲಾಗಲಿಲ್ಲ. ದಿಕ್ಕಿನ ಮಾತಿಗೆ ಬಂದರೆ, ಮದೀನಾಕ್ಕೆ ಬಂದ ಮೇಲೆ 16 ಅಥವಾ 17 ತಿಂಗಳು ಜೆರುಸಲೇಮಿನ ಕಡೆಗೇ ನಮಾಜ್ ನಡೆದಿತ್ತು. ಕಾಬಾದ ಒಳಗೆ ಮೂರು ಮರದ ಕಂಬ, ತೂಗುವ ದೀಪಗಳು. ಗರ್ಭಗುಡಿಯಲ್ಲಿ ಇರಬೇಕಾದದ್ದು ಏನೂ ಇಲ್ಲ. ಒಳಗೆ ನಿಂತವನು ಯಾವ ಗೋಡೆಗೆ ಮುಖ ಮಾಡಿದರೂ ನಡೆಯುತ್ತದೆ.

ಇನ್ನು ನಮ್ಮ ಊರಿನದ್ದು. ‘ಮೊಹರಮ್ಮಿಗೆ ಅಲಾಯಿ ದೇವರು ಕೂರಿಸ್ತೀರಲ್ಲ’ ಎನ್ನುತ್ತಾರೆ ಉತ್ತರ ಕರ್ನಾಟಕದವರು. ಆ ‘ದೇವರು’ ಕರ್ಬಲಾದಲ್ಲಿ 680ರಲ್ಲಿ ಹತರಾದ ಹುಸೇನರ ನೆನಪಿನ ಧ್ವಜ, ಪಂಜಾ. ದೇವರು ಎಂಬ ಹೆಸರು ಕೊಟ್ಟದ್ದು ಹಳ್ಳಿಯ ಕನ್ನಡ. ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ಕುಣಿ ತೋಡುತ್ತಾರೆ, ಪಂಜಾ ಹೊರುತ್ತಾರೆ. ಆ ಪ್ರೀತಿಗೆ ನನ್ನ ತಕರಾರಿಲ್ಲ. ಅದನ್ನು ತೌಹೀದಿನ ವಿರುದ್ಧ ಸಾಕ್ಷಿಯಾಗಿ ನನ್ನ ಮುಂದೆ ತಂದು ನಿಲ್ಲಿಸಿದರೆ ಮಾತ್ರ ಇದೆ.

ದರ್ಗಾದ ವಿಷಯ ಅಷ್ಟು ಸಲೀಸಲ್ಲ. ಅಲ್ಲಿ ನಾವು ನಾವೇ ಬಡಿದಾಡುತ್ತೇವೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಕಲಬುರಗಿಯ ಖಾಜಾ ಬಂದೇ ನವಾಜರ (ನಿಧನ 1422) ಗೋರಿಯ ಮುಂದೆ ಮೂರು ಬಗೆಯ ವಾಕ್ಯ ಕೇಳಿಬರಬಹುದು. ‘ಅಲ್ಲಾಹನೇ, ಇವರ ಮೇಲೆ ಕರುಣೆ ತೋರು’: ಇದಕ್ಕೆ ಯಾರ ಆಕ್ಷೇಪವೂ ಇಲ್ಲ. ‘ಅಲ್ಲಾಹನೇ, ಇವರ ಸಲುವಾಗಿ ನನ್ನ ಬೇಡಿಕೆ ಕೇಳು’: ಇದನ್ನು ನಾಲ್ಕೂ ಮದ್‌ಹಬ್‌ಗಳ (ಧರ್ಮಶಾಸ್ತ್ರದ ಪಂಥಗಳ) ಬಹಳಷ್ಟು ವಿದ್ವಾಂಸರು ಒಪ್ಪಿದರು, ಇಬ್ನ್ ತೈಮಿಯ್ಯಾ (ನಿಧನ 1328) ಒಪ್ಪಲಿಲ್ಲ. ‘ಖಾಜಾ, ನನಗೆ ಮಗು ಕೊಡು’: ಸಲಫಿಗಳು ಇದನ್ನು ನೇರ ಶಿರ್ಕ್, ಅಂದರೆ ಅಲ್ಲಾಹನಿಗೆ ಪಾಲುದಾರನನ್ನು ಹಚ್ಚುವುದು, ಎನ್ನುತ್ತಾರೆ; ಕೊಡುವವನು ಅಲ್ಲಾಹನೇ, ಖಾಜಾ ಶಿಫಾರಸು ಮಾಡುವವರು, ಮಾತು ರೂಢಿಯದ್ದು ಎನ್ನುತ್ತಾರೆ ದರ್ಗಾ ಸಂಪ್ರದಾಯದ ಬರೇಲ್ವಿಗಳು. ನನಗೆ ಮೂರನೆಯ ವಾಕ್ಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕುರೈಶರ ಆ ಬಾಲ ನೆನಪಾಗುತ್ತದೆ. ಹಾಗೆಂದು ಅಳುತ್ತಾ ಜಾಲರಿ ಹಿಡಿದ ಹೆಂಗಸಿನ ಹಣೆಗೆ ಶಿರ್ಕಿನ ಮುದ್ರೆ ಒತ್ತುವ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ. ತಮಾಷೆಯೆಂದರೆ ಖಾಜಾ ಸ್ವತಃ ತೌಹೀದಿನ ವಿಚಾರದಲ್ಲಿ ಬಿಗಿ ಮನುಷ್ಯ. ಇರುವುದೆಲ್ಲ ಒಂದೇ ಇರವು ಎಂಬ ವಾದಕ್ಕೆ ಮೂಲಪುರುಷನೆನಿಸಿದ ಇಬ್ನ್ ಅರಬಿಯನ್ನು (ನಿಧನ 1240) ಟೀಕಿಸಿದವರು.

ದರ್ಗಾಕ್ಕೆ ಹೋಗದವರು ಬೀಗುವುದು ಬೇಡ. ‘ಗುಪ್ತ ಶಿರ್ಕ್’ ಎಂದು ಪ್ರವಾದಿ ಹೆಸರಿಟ್ಟದ್ದು ಮಸೀದಿಯ ಒಳಗೇ ನಡೆಯುತ್ತದೆ: ಯಾರೋ ನೋಡುತ್ತಿದ್ದಾರೆಂದು ಒಬ್ಬನು ತನ್ನ ನಮಾಜನ್ನು ಚೆಂದಗಾಣಿಸುವುದು. ಸಜ್ದಾ, ಹಣೆ ನೆಲಕ್ಕಿಡುವುದು, ಎರಡು ಸೆಕೆಂಡು ಉದ್ದವಾಯಿತು, ಆ ಎರಡು ಸೆಕೆಂಡು ಪಕ್ಕದವನಿಗೆ ಸಂದಾಯ. ಅಲ್ಲಿ ಮೂರ್ತಿಯಿಲ್ಲ, ಗೋರಿಯಿಲ್ಲ, ಸಾಕ್ಷಿಯೂ ಇಲ್ಲ.

ಇನ್ನೂ ಸಣ್ಣದೊಂದಿದೆ, ಮಾತಿನದ್ದು. ಒಬ್ಬ ಪ್ರವಾದಿಯ ಬಳಿ ಬಂದು ‘ಅಲ್ಲಾಹ್ ಬಯಸಿದಂತೆ, ಮತ್ತು ನೀವು ಬಯಸಿದಂತೆ’ ಎಂದ. ಮರ್ಯಾದೆಯ ಮಾತು. ಪ್ರವಾದಿ ಅಲ್ಲೇ ತಡೆದರು: ‘ನನ್ನನ್ನು ಅಲ್ಲಾಹನಿಗೆ ಸಮ ಮಾಡಿದೆಯಾ? ಅಲ್ಲಾಹ್ ಒಬ್ಬನೇ ಬಯಸಿದಂತೆ ಎನ್ನು.’ ಮನುಷ್ಯರ ಹೆಸರು ಸೇರಿಸಲೇಬೇಕಾದರೆ ಏನು ಮಾಡಬೇಕು ಎಂಬುದನ್ನೂ ಇನ್ನೊಂದು ವರದಿಯಲ್ಲಿ ಕಲಿಸಿದ್ದಾರೆ. ‘ವ’ ತೆಗೆದು ‘ಸುಮ್ಮ’ ಹಾಕಿ. ‘ವ’ ಎಂದರೆ ಮತ್ತು, ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಪದ. ‘ಸುಮ್ಮ’ ಎಂದರೆ ಆಮೇಲೆ, ನಡುವೆ ಒಂದು ಮೆಟ್ಟಿಲು ಇಳಿಸುವ ಪದ.

ಕನ್ನಡದಲ್ಲಿ ನಾವು ಮದುವೆ ಮನೆಯಲ್ಲಿ, ಗೃಹಪ್ರವೇಶದಲ್ಲಿ, ಮಗನಿಗೆ ಕೆಲಸ ಸಿಕ್ಕಾಗ ಹೇಳುವುದು ‘ಎಲ್ಲಾ ದೇವರ ದಯೆ, ನಿಮ್ಮ ಆಶೀರ್ವಾದ’. ಸಾಬರೂ ಹೇಳುತ್ತೇವೆ, ನಾನೂ ಹೇಳುತ್ತೇನೆ. ಆ ಅಲ್ಪವಿರಾಮ ನೋಡಿ, ಅದು ‘ವ’. ಅಲ್ಲಿ ಒಂದು ‘ಆಮೇಲೆ’ ಹಾಕಿದರೆ ಎದುರಿಗಿದ್ದ ಹಿರಿಯರ ಮುಖ ಸಣ್ಣದಾಗುತ್ತದೆ.